ಕಾಲುವೆಯ ಷೇರು ಮತ್ತು ನದಿಯ ನಷ್ಟಭರ್ತಿ: ಕೊಲೊರಾಡೊದ ಜಲಹಕ್ಕು ಕಾನೂನು

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ನದಿದಂಡೆಯ ಜಮೀನು ಕೊಂಡವರಿಗೆ ನದಿಯ ನೀರು ತಾನಾಗಿ ದಕ್ಕುವುದಿಲ್ಲ. ನೀರನ್ನು ಮೊದಲು ತಿರುಗಿಸಿ ಸದ್ಬಳಕೆಗೆ ತಂದವರ ಹಕ್ಕು ಹಿರಿಯದು, ಅನಂತರ ಬಂದವರದು ಕಿರಿಯದು ಎಂಬ ತತ್ತ್ವವನ್ನು 1876ರ ರಾಜ್ಯ ಸಂವಿಧಾನವೇ ಒಪ್ಪಿಕೊಂಡಿದ್ದು, 1882ರಲ್ಲಿ ಲೆಫ್ಟ್ ಹ್ಯಾಂಡ್ ಡಿಚ್ ಕಂಪನಿಯ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಹೊಳೆಯಲ್ಲಿ ನೀರು ಸಾಲದೆ ಬಂದಾಗ ಹಿರಿಯ ಹಕ್ಕುದಾರನು ತನ್ನ ಪಾಲನ್ನು ಪೂರ್ತಿ ಕೊಡಿಸುವಂತೆ ಜಲಾಧಿಕಾರಿಗಳನ್ನು ಕೋರಬಹುದು. ‘ಕಾಲ್’ ಎನ್ನಲಾಗುವ ಈ ಕೋರಿಕೆ ಜಾರಿಯಲ್ಲಿರುವಷ್ಟು ದಿನವೂ ಮೇಲ್ಭಾಗದ ಕಿರಿಯ ಹಕ್ಕುದಾರರು ತಮ್ಮ ತೂಬುಗಳನ್ನು ಮುಚ್ಚಬೇಕಾಗುತ್ತದೆ.

ನದಿಯ ಆಸುಪಾಸಿನ ಬಾವಿಗಳನ್ನು ಈ ಸರದಿಯೊಳಗೆ ತಂದದ್ದು 1969ರ ಜಲಹಕ್ಕು ಕಾಯಿದೆ. ಅಂತರ್ಜಲವನ್ನು ಎತ್ತಿದರೆ ನದಿಗೆ ಸೇರಬೇಕಾದ ನೀರು ತಿಂಗಳುಗಳ ಅಥವಾ ವರ್ಷಗಳ ನಂತರವಾದರೂ ಕಡಿಮೆಯಾಗುತ್ತದೆ ಎಂಬುದನ್ನು ಕಾಯಿದೆ ಗುರುತಿಸಿತು. ಸೌತ್ ಪ್ಲಾಟ್ ಮತ್ತು ಅರ್ಕಾನ್ಸಾ ಕಣಿವೆಗಳಲ್ಲಿ ನೀರಾವರಿ ಬಾವಿಗಳ ಹಕ್ಕು ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ ಕಾಲುವೆಗಳ ಹಕ್ಕಿಗಿಂತ ಕಿರಿಯದಾದ್ದರಿಂದ, ಪಂಪುಗಳು ಓಡುತ್ತಿರಬೇಕಾದರೆ ನದಿಗೆ ಆಗುವ ನಷ್ಟವನ್ನು ಬೇರೊಂದು ಮೂಲದಿಂದ ತುಂಬಿಕೊಡಲೇಬೇಕು. ಹೀಗೆ ತುಂಬಿಕೊಡುವ, ನ್ಯಾಯಾಲಯ ಅನುಮೋದಿಸಿದ ವ್ಯವಸ್ಥೆಯೇ ‘ಆಗ್ಮೆಂಟೇಶನ್ ಪ್ಲಾನ್’, ಅಂದರೆ ನಷ್ಟಭರ್ತಿ ಯೋಜನೆ. ಅದಕ್ಕೆ ಹೆಚ್ಚಾಗಿ ಬಳಕೆಯಾಗುವ ಮೂಲಗಳಲ್ಲಿ ಕಾಲುವೆ ಕಂಪನಿಯ ಷೇರೂ ಒಂದು.

ಕಾಲುವೆ ಕಂಪನಿ ಎಂದರೆ ರೈತರೇ ಕೂಡಿ ಕಟ್ಟಿಕೊಂಡ, ಲಾಭಾಂಶದ ಬದಲು ನೀರನ್ನು ಹಂಚುವ ಸಂಸ್ಥೆ; ಅದರ ಪ್ರತಿಯೊಂದು ಷೇರೂ ಕಂಪನಿಯ ಜಲಹಕ್ಕಿನಲ್ಲಿ ಒಂದು ಪ್ರಮಾಣಬದ್ಧ ಪಾಲು. ಆದರೆ ಷೇರಿನ ಪಾಲಿಗೆ ತೂಬಿನಲ್ಲಿ ಹರಿಯುವ ನೀರೆಲ್ಲವೂ ನಷ್ಟಭರ್ತಿಗೆ ಸಲ್ಲುವುದಿಲ್ಲ ಎಂಬುದನ್ನು ಕೊಳ್ಳುವವರು ಮೊಟ್ಟಮೊದಲು ತಿಳಿದಿರಬೇಕು, ಏಕೆಂದರೆ ದೊಡ್ಡ ಮೊತ್ತ ಮುಳುಗುವುದು ಇಲ್ಲಿಯೇ. ಉದಾಹರಣೆಗೆ, ಒಂದು ಜಮೀನು ವರ್ಷಕ್ಕೆ 100 ಎಕರೆ-ಅಡಿ ನೀರು ಪಡೆಯುತ್ತಿತ್ತು ಎಂದುಕೊಳ್ಳಬಹುದು. ಒಂದು ಎಕರೆ ನೆಲದ ಮೇಲೆ ಒಂದು ಅಡಿ ಆಳಕ್ಕೆ ನಿಲ್ಲುವ, ಸುಮಾರು 12.33 ಲಕ್ಷ ಲೀಟರ್ ನೀರಿಗೆ ಎಕರೆ-ಅಡಿ ಎನ್ನುತ್ತಾರೆ. ಆ 100ರಲ್ಲಿ 50 ಎಕರೆ-ಅಡಿಯನ್ನು ಬೆಳೆ ಹೀರಿ, ಉಳಿದದ್ದು ಬಸಿದು ನದಿಗೆ ಮರಳುತ್ತಿದ್ದರೆ, ಹೊಸ ಬಳಕೆಗೆ ದೊರೆಯುವುದು ಬೆಳೆ ಹೀರಿದ 50 ಮಾತ್ರ; ಮರಳುತ್ತಿದ್ದ ನೀರನ್ನು ನಂಬಿ ಕೆಳಭಾಗದ ರೈತರು ಬದುಕು ಕಟ್ಟಿಕೊಂಡಿರುವುದರಿಂದ ಅದು ಹಿಂದಿನಂತೆಯೇ ಮರಳುತ್ತಿರಬೇಕು. ಜೊತೆಗೆ ಆ ಜಮೀನಿನ ನೀರಾವರಿ ನಿಲ್ಲಬೇಕು. ಆಳಕ್ಕೆ ಬೇರಿಳಿಸುವ ಕುದುರೆ ಮಸಾಲೆ ಸೊಪ್ಪು ಹೊಲದಲ್ಲಿ ಉಳಿದಿದ್ದರೆ ಅದು ಅಂತರ್ಜಲವನ್ನೇ ಹೀರುತ್ತಿರುತ್ತದೆ. ಆದುದರಿಂದ ಕಾಲುವೆಯ ನೀರು ನಿಂತಿದೆ ಎಂಬುದಷ್ಟೇ ಹೊಲ ಒಣಗಿದೆ ಎನ್ನುವುದಕ್ಕೆ ಪುರಾವೆಯಾಗದು.

ನದಿಗೆ ನೀರು ಮರಳಿಸುವ ಸ್ಥಳವನ್ನು ‘ಆಗ್ಮೆಂಟೇಶನ್ ಸ್ಟೇಷನ್’ ಎನ್ನುತ್ತಾರೆ. ಕಾಲುವೆಯ ಪಕ್ಕದ ಗೇಟು ತೆರೆದಾಗ ನೀರು ಇಕ್ಕಟ್ಟಾದ ಅಳತೆ ತೋಡಿನ ಮೂಲಕ ಹರಿದು ಹೊಳೆ ಸೇರುತ್ತದೆ, ತೋಡಿನೊಳಗಿನ ನೀರಿನ ಮಟ್ಟದಿಂದ ಹರಿವಿನ ಪ್ರಮಾಣವನ್ನು ಲೆಕ್ಕಹಾಕಿ ದಾಖಲಿಸಲಾಗುತ್ತದೆ. ಪ್ರಮಾಣ ಸರಿಯಿದ್ದರೆ ಸಾಲದು, ಕಾಲವೂ ಸ್ಥಳವೂ ಕೂಡಿಬರಬೇಕು. ಬಾವಿಯಿಂದಾದ ನಷ್ಟ ಚಳಿಗಾಲದಲ್ಲೂ ನದಿಯನ್ನು ತಟ್ಟುತ್ತಿದ್ದು, ಕಾಲುವೆಯ ನೀರು ಬೇಸಾಯದ ತಿಂಗಳುಗಳಲ್ಲಿ ಮಾತ್ರ ಸಿಗುವಂತಿದ್ದರೆ, ಆ ನೀರನ್ನು ಜಲಾಶಯದಲ್ಲಿ ಹಿಡಿದಿಡುವ ಅಥವಾ ಇಂಗುಕೊಳಕ್ಕೆ ಬಿಟ್ಟು ನಿಧಾನವಾಗಿ ನದಿಗೆ ಬಸಿಯುವಂತೆ ಮಾಡುವ ಏರ್ಪಾಡು ಬೇಕಾಗುತ್ತದೆ. ಕಾಲ್ ಹೊರಡಿಸಿದ ಹಕ್ಕುದಾರನ ತೂಬಿಗಿಂತ ಕೆಳಗೆ ಸೇರಿಸಿದ ನೀರಿನಿಂದ ಅವನಿಗೆ ಯಾವ ಪ್ರಯೋಜನವೂ ಇಲ್ಲ.

ಷೇರಿನ ನೀರನ್ನು ಕಾಲುವೆಯ ವ್ಯಾಪ್ತಿಯಿಂದ ಹೊರಗೆ ಒಯ್ಯಲು ಕೆಲವು ಕಂಪನಿಗಳ ಉಪನಿಯಮಗಳ ಪ್ರಕಾರ ಆಡಳಿತ ಮಂಡಳಿಯ ಒಪ್ಪಿಗೆ ಬೇಕು. ಇಂತಹ ನ್ಯಾಯಸಮ್ಮತ ನಿರ್ಬಂಧವನ್ನು ಸುಪ್ರೀಂ ಕೋರ್ಟು ಕ್ಯಾಟ್ಲಿನ್ ಕಾಲುವೆಯ ಪ್ರಕರಣದಲ್ಲಿ ಮಾನ್ಯ ಮಾಡಿದೆ. ಆದುದರಿಂದ ಉಪನಿಯಮಗಳನ್ನು ಓದುವುದು ಖರೀದಿಗೆ ಮುಂಚಿನ ಕೆಲಸ. ಆಮೇಲೆ ಹಕ್ಕಿನ ಬಳಕೆ ಬದಲಾವಣೆಗೂ ನಷ್ಟಭರ್ತಿ ಯೋಜನೆಗೂ ರಾಜ್ಯದ ಏಳು ಜಲ ವಿಭಾಗಗಳಲ್ಲಿ ಸಂಬಂಧಪಟ್ಟ ವಿಭಾಗದ ಜಲ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬೇಕು. ಅರ್ಜಿಯ ಸಾರಾಂಶ ಪ್ರಕಟವಾಗುತ್ತದೆ. ಅರ್ಜಿ ಸಲ್ಲಿಕೆಯಾದ ತಿಂಗಳ ನಂತರದ ಎರಡನೆಯ ತಿಂಗಳ ಕೊನೆಯ ದಿನದೊಳಗೆ ಯಾರು ಬೇಕಾದರೂ ಶುಲ್ಕ ತೆತ್ತು ಆಕ್ಷೇಪಣೆ ಸಲ್ಲಿಸಬಹುದು, ಅಂದರೆ ಜನವರಿಯ ಅರ್ಜಿಗೆ ಮಾರ್ಚ್ 31 ಗಡುವು. ಇತರರ ಹಕ್ಕಿಗೆ ಹಾನಿಯಾಗದೆಂದು ತೋರಿಸುವ ಹೊಣೆ ಅರ್ಜಿದಾರನದೇ. ಸಣ್ಣ ಹಿಡುವಳಿದಾರನಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಈ ಕಾನೂನಿನಲ್ಲಿ ಇಲ್ಲ.

ತೀರ್ಪು ಬರುವ ತನಕ ರಾಜ್ಯ ಎಂಜಿನಿಯರ್ ತಾತ್ಕಾಲಿಕ ಬದಲಿ ನೀರು ಪೂರೈಕೆಗೆ ಅನುಮತಿ ಕೊಡಬಹುದು. ಆದರೆ ಶಾಸನದ ಅಧಿಕಾರವಿಲ್ಲದೆ ಅಂತಹ ಅನುಮತಿ ಸಲ್ಲದೆಂದು 2001ರ ಎಂಪೈರ್ ಲಾಡ್ಜ್ ತೀರ್ಪು ಹೇಳಿದ ಮೇಲೆ ಶಾಸಕಾಂಗ ಆ ಅಧಿಕಾರವನ್ನು ಕೊಟ್ಟು, ಅದಕ್ಕೆ ಸೂಚನೆ, ಟೀಕೆ ಮತ್ತು ಕಾಲಮಿತಿಯ ಕಟ್ಟುಪಾಡುಗಳನ್ನು ವಿಧಿಸಿತು. 2006ರಲ್ಲಿ ಸೌತ್ ಪ್ಲಾಟ್ ಕಣಿವೆಯ ನೂರಾರು ಬಾವಿಗಳು ಸಾಕಷ್ಟು ಬದಲಿ ನೀರಿಲ್ಲದೆ, ಬೇಸಾಯದ ಹೊತ್ತಿನಲ್ಲೇ ಸ್ಥಗಿತಗೊಂಡವು. ಅಂತಿಮ ತೀರ್ಪು ಬಂದ ನಂತರವೂ ಅದರಲ್ಲಿ ನಿಗದಿಪಡಿಸಿದ ಅವಧಿಯವರೆಗೆ ಹಾನಿಯ ಪ್ರಶ್ನೆಯನ್ನು ಮರುಪರಿಶೀಲಿಸುವ ಅಧಿಕಾರ ನ್ಯಾಯಾಲಯದ ಬಳಿಯೇ ಇರುತ್ತದೆ. ಆದುದರಿಂದ ತನ್ನ ತೂಬಿಗೆ ನೀರು ಕಡಿಮೆ ಬರುತ್ತಿದೆ ಎಂದು ಕಂಡ ಕೆಳಭಾಗದ ಹಕ್ಕುದಾರನು ವಿಭಾಗ ಎಂಜಿನಿಯರ್‌ಗೆ ಸಲ್ಲಿಕೆಯಾಗುವ ನಷ್ಟಭರ್ತಿಯ ಲೆಕ್ಕಪತ್ರಗಳನ್ನು ಕೇಳಿ ಪಡೆದು, ತನ್ನ ತೂಬಿನ ಅಳತೆಯೊಂದಿಗೆ ತಾಳೆ ನೋಡಿ, ಆ ಅವಧಿ ಮುಗಿಯುವ ಮುನ್ನವೇ ನ್ಯಾಯಾಲಯದ ಮುಂದೆ ಹೋಗಬೇಕು.