ಬೆಂಕಿ ಹಾಕದ ಬಿಸಿನೀರು

ದೀಪಾವಳಿಯ ಹಿಂದಿನ ದಿನ ಸಂಜೆ ಮನೆಯಲ್ಲಿ ಏನು ಕೆಲಸ? ಬಚ್ಚಲಿನ ಹಂಡೆ ತಿಕ್ಕಿ ತೊಳೆಯುವುದು. ಬಾವಿಯಿಂದ ನೀರು ಸೇದಿ ತುಂಬಿಸುವುದು. ಬೆಳಗಿನ ಜಾವ ಎದ್ದು ಒಲೆಗೆ ಅಡಿಕೆ ಸಿಪ್ಪೆ, ತೆಂಗಿನ ಮಡಲು ಹಾಕಿ ಉರಿ ಮಾಡುವುದು. ಮೈಗೆ ಎಣ್ಣೆ ಹಚ್ಚಿ ಬಿಸಿನೀರು ಮೀಯುವ ಸುಖ ನಿಮಗೆ ಹೇಳಬೇಕಾಗಿಲ್ಲ. ಬಾಣಂತಿಯನ್ನು ಮೀಯಿಸುವ ಮನೆಯಲ್ಲಂತೂ ಹಂಡೆಯ ಕೆಳಗೆ ಬೆಂಕಿ ಆರುವುದೇ ಇಲ್ಲ. ಹೊಗೆ ತಿನ್ನುವವರು ಮಾತ್ರ ಮನೆಯ ಹೆಂಗಸರು.

ಬೆಂಕಿಯೇ ಹಾಕದೆ ನೀರು ಬಿಸಿಯಾಗಿ ಬಂದರೆ ಹೇಗೆ? ಅಂಥ ಜಾಗ ನಮಗೆ ದೂರವಿಲ್ಲ. ಪೆರ್ಲದಿಂದ ಸ್ವರ್ಗ, ಆರ್ಲಪದವು, ಪಾಣಾಜೆ ದಾರಿಯಾಗಿ ಪುತ್ತೂರಿಗೆ ಹೋಗುವವರು ಇರ್ದೆ ಎಂಬ ಊರನ್ನು ದಾಟುತ್ತಾರೆ. ಅಲ್ಲಿ ಸೀರೆ ಹೊಳೆಯ ಬದಿಯಲ್ಲಿ ಬೆಂದ್ರ್ ತೀರ್ಥ ಇದೆ. ತುಳುವಿನಲ್ಲಿ ಬೆಂದ್ರ್ ಅಂದರೆ ಬಿಸಿನೀರು. ಹೆಸರೇ ಸಂಗತಿ ಹೇಳುತ್ತದೆ. ಕಲ್ಲು ಕಟ್ಟಿದ ಒಂದು ಕೊಳ. ನೀರಿನ ಬಿಸಿ ಹೆಚ್ಚುಕಡಿಮೆ ನಮ್ಮ ಮೈಯ ಬಿಸಿಯಷ್ಟು. ಮೂಗಿಗೆ ಸ್ವಲ್ಪ ಗಂಧಕದ ವಾಸನೆ ಬರುತ್ತದೆ. ಚರ್ಮದ ಕಾಯಿಲೆಗೆ ಒಳ್ಳೆಯದು ಎಂಬ ನಂಬಿಕೆಯಿಂದ ಜನ ಬಂದು ಮೀಯುತ್ತಾರೆ. ವಿಶೇಷ ದಿನಗಳಲ್ಲಿ ತೀರ್ಥಸ್ನಾನಕ್ಕೂ ಬರುತ್ತಾರೆ. ಮಿಂದು, ಬುತ್ತಿ ಊಟ ಮಾಡಿ, ಸಂಜೆಯೊಳಗೆ ಮನೆ ಸೇರುತ್ತಾರೆ.

ಈ ನೀರನ್ನು ಯಾರು ಕಾಯಿಸುತ್ತಾರೆ? ಮಳೆಯ ನೀರು ಭೂಮಿಯೊಳಗೆ ಇಂಗುತ್ತದೆ. ಬಂಡೆಯ ಬಿರುಕಿನಲ್ಲಿ ಕೆಳಗೆ, ಇನ್ನೂ ಕೆಳಗೆ ಇಳಿಯುತ್ತದೆ. ಭೂಮಿ ಒಳಗೊಳಗೆ ಹೋದ ಹಾಗೆ ಬಿಸಿ. ಒಂದು ಕಿಲೋಮೀಟರ್ ಆಳಕ್ಕೆ ಸುಮಾರು 25ರಿಂದ 30 ಡಿಗ್ರಿ ಬಿಸಿ ಹೆಚ್ಚುತ್ತದೆ. ಅಲ್ಲಿ ಕಾದ ನೀರಿಗೆ ಮೇಲೆ ಬರಲು ಇನ್ನೊಂದು ಬಿರುಕು ಸಿಕ್ಕಿತು ಅನ್ನಿ. ತಣಿಯುವ ಮೊದಲೇ ಅದು ಮೇಲೆ ಬಂದುಬಿಡುತ್ತದೆ. ಬರುವ ದಾರಿಯಲ್ಲಿ ಕಲ್ಲಿನ ಉಪ್ಪು, ಗಂಧಕ ಎಲ್ಲ ಸೇರಿಕೊಳ್ಳುತ್ತವೆ.

ಇಂಥ ಬಿಸಿನೀರು ತುಂಬಾ ಇರುವ ದೇಶ ಜಪಾನ್. ಅಲ್ಲಿ ನೀರು ಉಕ್ಕುವ ಬುಗ್ಗೆಗಳೇ ಸುಮಾರು 27 ಸಾವಿರ. ಆ ದೇಶದ ಅಡಿಯಲ್ಲಿ ಜ್ವಾಲಾಮುಖಿಗಳಿವೆ. ಜ್ವಾಲಾಮುಖಿ ಅಂದರೆ ಬೆಂಕಿ ಕಾರುವ ಬೆಟ್ಟ. ಕರಗಿದ ಕಲ್ಲು ನೆಲಕ್ಕೆ ಹತ್ತಿರವೇ ಇರುವುದರಿಂದ ನೀರು ಬೇಗ ಕಾಯುತ್ತದೆ. ಬಿಸಿನೀರ ಬುಗ್ಗೆಗೆ ಅವರು 'ಓನ್ಸೆನ್' ಎನ್ನುತ್ತಾರೆ. ಬುಗ್ಗೆಯ ಬದಿಯಲ್ಲಿ ಪ್ರಯಾಣಿಕರು ಉಳಿಯುವ ಹಳೇ ಪದ್ಧತಿಯ ಮನೆಗಳಿವೆ. ಅದಕ್ಕೆ 'ರ್ಯೋಕಾನ್' ಎಂದು ಹೆಸರು. ಕ್ರಿ.ಶ. 705ರಲ್ಲಿ ಶುರುವಾಯಿತು ಎನ್ನುವ ಅಂಥ ಒಂದು ಮನೆ ಇವತ್ತಿಗೂ ನಡೆಯುತ್ತಿದೆ.

ನಾನು ಜಪಾನಿಗೆ ಹೋದವಳಲ್ಲ. ಓದಿ ತಿಳಿದದ್ದನ್ನು ಹೇಳುತ್ತೇನೆ. ಓದಿದವರಿಗೆ ಬಸ್ ಚಾರ್ಜಿಲ್ಲದೆ ಊರು ನೋಡಬಹುದು, ಅಲ್ಲವೇ?

ಜಪಾನಿನ ಉತ್ತರದಲ್ಲಿ ಹೊಕ್ಕಾಯ್ಡೋ ಎಂಬ ದೊಡ್ಡ ದ್ವೀಪ. ಅಲ್ಲಿ ತೋಯಾ ಎಂಬ ಸರೋವರ. ಕುಂಬಳೆ ಹತ್ತಿರದ ಅನಂತಪುರದಲ್ಲಿ ಕೆರೆಯ ನಡುವೆ ದೇವಸ್ಥಾನ ಇದೆಯಲ್ಲ, ಅಷ್ಟು ಸಣ್ಣದು ಎಂದುಕೊಳ್ಳಬೇಡಿ. ತೋಯಾದ ಅಗಲವೇ ಸುಮಾರು 10 ಕಿಲೋಮೀಟರ್. ಕಾಸರಗೋಡು ಪೇಟೆಯಿಂದ ಕುಂಬಳೆಗೆ ಹೋದಷ್ಟು ದೂರ, ಪೂರ್ತಿ ನೀರು! ನಡುವಿನಲ್ಲಿ ಕಾಡು ತುಂಬಿದ ದ್ವೀಪಗಳು. ಸುತ್ತ ಹಿಮ ಬಿದ್ದರೂ ಈ ಸರೋವರ ಹೆಪ್ಪುಗಟ್ಟುವುದಿಲ್ಲ. ದಡದಲ್ಲಿ ಸಾಲಾಗಿ ಉಳಿಯುವ ಮನೆಗಳು.

ಒಳಗೆ ಹೋಗೋಣ ಬನ್ನಿ. ಚಪ್ಪಲಿ ಬಾಗಿಲಲ್ಲೇ ಬಿಡಬೇಕು. ಇದು ನಮಗೆ ಹೊಸತಲ್ಲ. ಮೊದಲ ಕೆಲಸ ಪುಸ್ತಕದಲ್ಲಿ ಹೆಸರು, ವಿಳಾಸ ಬರೆಯುವುದು. ಕೋಣೆಯಲ್ಲಿ ಮಂಚ, ಕುರ್ಚಿ ಇಲ್ಲ. ನೆಲದ ತುಂಬ ದಪ್ಪ ಚಾಪೆ ಹಾಸಿರುತ್ತದೆ. ನಮ್ಮಲ್ಲಿ ಮುಂಡುಗದ ಓಲೆಯ ಚಾಪೆ ಇದ್ದಂತೆ ಅಲ್ಲಿ ಒಂದು ಜಾತಿಯ ಹುಲ್ಲಿನದು. ನಡುವೆ ಗಿಡ್ಡ ಮೇಜು, ಅದರ ಮೇಲೆ ಚಹಾ. ಉಡಲು ಹತ್ತಿಯ ಉದ್ದ ಅಂಗಿ ಕೊಡುತ್ತಾರೆ. ಎಡಭಾಗವನ್ನು ಬಲಭಾಗದ ಮೇಲೆ ತಂದು ಕಟ್ಟಿಕೊಳ್ಳಬೇಕು. ಬಲವನ್ನು ಮೇಲೆ ತಂದರೆ ಅದು ಸತ್ತವರಿಗೆ ಉಡಿಸುವ ಕ್ರಮ. ಸಾವಿನ ಕೆಲಸದಲ್ಲಿ ಎಡ-ಬಲ ತಿರುಗುವುದು ನಮ್ಮಲ್ಲೂ ಉಂಟಲ್ಲ, ಹಾಗೆ.

ಈಗ ಮೀಯುವ ಜಾಗಕ್ಕೆ. ಇಲ್ಲಿ ಸ್ವಲ್ಪ ನಿಲ್ಲಿ.

ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ಬಾಗಿಲು. ಎರಡಕ್ಕೂ ಬಟ್ಟೆಯ ಪರದೆ. ಹೆಚ್ಚಾಗಿ ಗಂಡಸರದ್ದು ನೀಲಿ, ಹೆಂಗಸರದ್ದು ಕೆಂಪು. ಪರದೆಯ ಮೇಲೆ ಒಂದೇ ಒಂದು ಅಕ್ಷರ ಬರೆದಿರುತ್ತದೆ. ಕೆಲವು ಕಡೆ ರಾತ್ರಿ ಗಂಡಸರದ್ದಾಗಿದ್ದ ಜಾಗವನ್ನು ಬೆಳಗ್ಗೆ ಹೆಂಗಸರಿಗೆ ಕೊಡುತ್ತಾರೆ. ಎರಡೂ ಕೊಳದ ಸುಖ ಎಲ್ಲರಿಗೂ ಸಿಗಲಿ ಎಂದು ಪರದೆಯನ್ನೇ ಬದಲಾಯಿಸಿಬಿಡುತ್ತಾರೆ. ನಿನ್ನೆ ಹೋದ ಬಾಗಿಲು ಇದೇ ಅಂತ ಸೀದಾ ನುಗ್ಗಿದರೆ ಮರ್ಯಾದೆ ಹೋಯಿತು! ಅಕ್ಷರ ನೋಡಿಯೇ ಒಳಗೆ ಹೋಗಬೇಕು.

ಬಸ್ ಸ್ಟ್ಯಾಂಡಿನ ಶೌಚಾಲಯದ ಎದುರು, ಒಳಗೆ ಯಾರು ಹೋಗುತ್ತಾರೆ ನೋಡೋಣ ಎಂದು ಕಾದು ನಿಂತ ದಿನ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಹೇಳಿಕೊಳ್ಳಲು ನಾಚಿಕೆ, ಕೇಳಲು ಇನ್ನೂ ನಾಚಿಕೆ. ನಮ್ಮ ಗಡಿಯವರಿಗೆ ಇನ್ನೊಂದು ಕಷ್ಟವೂ ಇದೆ. ಕನ್ನಡ ಓದಲು ಕಲಿತ ಮೇಲೂ ಬೋರ್ಡು ಮಲಯಾಳದಲ್ಲಿ ಮಾತ್ರ ಇದ್ದರೆ ಮತ್ತೆ ಪಕ್ಕದವರನ್ನೇ ಕೇಳಬೇಕು. ಅದು ನಿಮ್ಮ ತಪ್ಪಲ್ಲ.

ಪರದೆ ದಾಟಿದರೆ ಬಟ್ಟೆ ಬಿಚ್ಚಿಡುವ ಬುಟ್ಟಿಗಳು. ಪೂರ್ತಿ ಬಿಚ್ಚಲೇಬೇಕು. ಸೀರೆ, ಲುಂಗಿ, ಚಡ್ಡಿ ಯಾವುದೂ ನೀರಿಗೆ ಇಳಿಯಬಾರದು. ಇದನ್ನು ಹೇಳಿದಾಗ ನಮ್ಮ ಕೇಂದ್ರದಲ್ಲಿ ಐದು ನಿಮಿಷ ಬರೀ ನಗು. ಆಮೇಲೆ ಒಬ್ಬ ಅಕ್ಕ ಕೇಳಿದರು: "ಅಲ್ಲ ಟೀಚರೇ, ಎಲ್ಲರೂ ಒಂದೇ ನೀರಿಗೆ ಇಳಿದರೆ ಕೊಳೆ ಆಗುವುದಿಲ್ಲವಾ?"

ಒಳ್ಳೆಯ ಪ್ರಶ್ನೆ. ಕೊಳೆ ಆಗದಿರಲೆಂದೇ ಅಲ್ಲಿ ಒಂದು ಕ್ರಮ ಇದೆ. ಕೊಳದ ಹೊರಗೆ ಗೋಡೆಯ ಹತ್ತಿರ ನಲ್ಲಿಗಳು, ಸಣ್ಣ ಮಣೆಗಳು. ಮಣೆಯ ಮೇಲೆ ಕುಳಿತು ಸಾಬೂನು ಹಾಕಿ ತಲೆಯಿಂದ ಕಾಲಿನವರೆಗೆ ತೊಳೆದುಕೊಳ್ಳಬೇಕು. ನೊರೆ ಒಂದಿಷ್ಟೂ ಉಳಿಯಬಾರದು. ಆಮೇಲೆಯೇ ಕೊಳಕ್ಕೆ ಇಳಿಯುವುದು. ಕೊಳದಲ್ಲಿ ಸಾಬೂನು ಇಲ್ಲ, ಮೈ ಉಜ್ಜುವುದು ಇಲ್ಲ, ಈಜುವುದು ಇಲ್ಲ. ಉದ್ದ ಕೂದಲಿದ್ದವರು ಮೇಲೆ ಕಟ್ಟಿಕೊಳ್ಳಬೇಕು. ಕೈಯಲ್ಲಿರುವ ಸಣ್ಣ ಬೈರಾಸನ್ನೂ ನೀರಿಗೆ ಮುಳುಗಿಸಬಾರದು. ಮಡಚಿ ತಲೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಅಂದರೆ ಅಲ್ಲಿ ಕೊಳೆ ತೆಗೆಯಲು ನೀರಿಗೆ ಇಳಿಯುವುದಲ್ಲ. ಕೊಳೆ ತೆಗೆದು ನೀರಿಗೆ ಇಳಿಯುವುದು. ನನ್ನ ಮಟ್ಟಿಗೆ ಇಡೀ ಜಪಾನಿನಿಂದ ಇದೊಂದನ್ನು ಕಲಿತರೂ ಸಾಕು. ನಮ್ಮ ಎಷ್ಟು ಕೆರೆಗಳಲ್ಲಿ ಸಾಬೂನಿನ ಕಾಗದ, ಶಾಂಪೂ ಪ್ಯಾಕೆಟು ತೇಲುತ್ತಿಲ್ಲ?

ಕೊಳದ ನೀರು ಹೆಚ್ಚಾಗಿ 40ರಿಂದ 42 ಡಿಗ್ರಿ ಇರುತ್ತದೆ. ನಮ್ಮ ಮೈಯ ಬಿಸಿ 37. ಹಾಗಾಗಿ ಮೊದಲು ಚೆಂಬಿನಿಂದ ನೀರು ಹೊಯ್ದುಕೊಂಡು, ನಿಧಾನವಾಗಿ ಇಳಿಯಬೇಕು. ತುಂಬಾ ಹೊತ್ತು ಕೂರಬಾರದು. ಬಿ.ಪಿ. ಇರುವವರು, ಹೃದಯದ ಕಾಯಿಲೆ ಇರುವವರು ಡಾಕ್ಟರರನ್ನು ಕೇಳದೆ ಇಳಿಯಬಾರದು. ಕುಡಿದು ಇಳಿಯಲೇಬಾರದು. ತಲೆ ತಿರುಗಿದರೆ ನೀರಿನಲ್ಲೇ ಬೀಳುತ್ತಾರೆ. ಬೆಂದ್ರ್ ತೀರ್ಥಕ್ಕೆ ಹೋಗುವವರೂ ಇದನ್ನು ನೆನಪಿಡಬಹುದು.

ಅಲ್ಲಿನ ಎಲ್ಲ ಕ್ರಮವೂ ನನಗೆ ಸರಿ ಕಾಣುವುದಿಲ್ಲ. ಮೈಮೇಲೆ ಹಚ್ಚೆ ಇದ್ದವರನ್ನು ಅನೇಕ ಕಡೆ ಒಳಗೆ ಬಿಡುವುದಿಲ್ಲ. ಹಚ್ಚೆ ಅಂದರೆ ರೌಡಿಗಳು ಎಂಬ ಹಳೇ ಅಭಿಪ್ರಾಯ. 2013ರಲ್ಲಿ ನ್ಯೂಜಿಲೆಂಡಿನ ಮಾವೋರಿ ಜನಾಂಗದ ಹೆಂಗಸೊಬ್ಬರು ಹೊಕ್ಕಾಯ್ಡೋಕ್ಕೆ ಹೋಗಿದ್ದರು. ಮುಖದಲ್ಲಿ ಕುಲದ ಹಚ್ಚೆ ಇತ್ತು ಎಂಬ ಕಾರಣಕ್ಕೆ ಅವರನ್ನು ವಾಪಸು ಕಳುಹಿಸಿದರು. ಹಾಗಾದರೆ ಕೈತುಂಬ ಹಚ್ಚೆ ಹಾಕಿಸಿಕೊಂಡ ನಮ್ಮ ಅಜ್ಜಿಯರೂ ಹೊರಗೇ ನಿಲ್ಲಬೇಕಾಯಿತು!

ಮಿಂದು ಬಂದ ಮೇಲೆ ಊಟ. ಮೀನು, ಅನ್ನ, ತರಕಾರಿ, ಸಣ್ಣ ಸಣ್ಣ ಬಟ್ಟಲುಗಳಲ್ಲಿ. ನೀವು ಊಟ ಮಾಡುವಾಗ ಅವರು ನೆಲದ ಮೇಲೆ ಹಾಸಿಗೆ ಹಾಸಿಡುತ್ತಾರೆ. ಬಾಡಿಗೆ ಲೆಕ್ಕ ಕೋಣೆಗಲ್ಲ, ತಲೆಗೆ ಇಷ್ಟು ಎಂದು. ಎರಡು ಊಟವೂ ಅದರಲ್ಲೇ. ಕೂಲಿ ಮಾಡುವವರಿಗೆ ಅಲ್ಲಿಯೂ ಇದು ದುಬಾರಿಯೇ. ಅಂಥವರಿಗೆ ತೋಯಾದ ಬೀದಿ ಬದಿಯಲ್ಲಿ ಕಾಲು ಇಳಿಬಿಟ್ಟು ಕೂರುವ ಬಿಸಿನೀರ ತೊಟ್ಟಿಗಳಿವೆ. ಅದಕ್ಕೆ ದುಡ್ಡಿಲ್ಲ.

ಆದರೆ ಈ ಬಿಸಿನೀರು ಕೊಟ್ಟದ್ದೇ ಒಂದು ಅಪಾಯ. ಸರೋವರದ ಬದಿಯಲ್ಲಿ ಉಸು ಎಂಬ ಜ್ವಾಲಾಮುಖಿ ಇದೆ. 1910ರಲ್ಲಿ ಅದು ಸಿಡಿದ ಮೇಲೆಯೇ ಅಲ್ಲಿ ಬಿಸಿನೀರು ಕಾಣಿಸಿಕೊಂಡದ್ದು. 2000ನೇ ಇಸವಿಯ ಮಾರ್ಚ್ ಕೊನೆಯಲ್ಲಿ ನೆಲ ಮತ್ತೆ ಮತ್ತೆ ನಡುಗಿತು. ಬೆಟ್ಟ ಸಿಡಿಯುತ್ತದೆ ಎಂದು ವಿಜ್ಞಾನಿಗಳು ಎಚ್ಚರಿಸಿದರು. ಯಾವ ಜಾಗ ಅಪಾಯ ಎಂದು ತೋರಿಸುವ ನಕ್ಷೆಯನ್ನು ಕೆಲವು ವರ್ಷ ಮೊದಲೇ ಮನೆಮನೆಗೆ ಹಂಚಿದ್ದರು. ಹತ್ತು ಸಾವಿರಕ್ಕೂ ಹೆಚ್ಚು ಜನ ಮನೆ ಬಿಟ್ಟು ಹೊರಟರು. ಮಾರ್ಚ್ 31ರಂದು ಬೆಟ್ಟ ಸಿಡಿಯಿತು. ಬಿಸಿ ಕೆಸರು ಊರಿಗೆ ನುಗ್ಗಿತು, ಸೇತುವೆ ಕೊಚ್ಚಿಹೋಯಿತು. ಒಂದು ಜೀವವೂ ಹೋಗಲಿಲ್ಲ. ಕೆಸರು ನುಗ್ಗಿ ಹಾಳಾದ ಒಂದು ಸ್ನಾನದ ಮನೆಯನ್ನು ಈಗಲೂ ಹಾಗೆಯೇ ಇಟ್ಟಿದ್ದಾರೆ, ಮಕ್ಕಳು ನೋಡಲಿ ಎಂದು.

ಬಿಸಿನೀರಿಗೆಂದು ಅಲ್ಲಿ ಒಂದು ಕಾನೂನೇ ಇದೆ. 1948ರದ್ದು. ಬಿಸಿನೀರು ತೆಗೆಯಲು ಯಾರೂ ತಮ್ಮ ಇಷ್ಟಕ್ಕೆ ನೆಲ ಕೊರೆಯುವಂತಿಲ್ಲ. ಜಾಗ ತನ್ನದೇ ಆದರೂ ಆ ಪ್ರಾಂತದ ಗವರ್ನರರ ಒಪ್ಪಿಗೆ ಬೇಕು. ನಾನು ಕೊರೆದರೆ ಪಕ್ಕದವನ ಬುಗ್ಗೆ ಬತ್ತಬಹುದು, ಅದಕ್ಕೆ.

ಬೆಂದ್ರ್ ತೀರ್ಥದ ಬಿಸಿ ಮೊದಲಿನಷ್ಟಿಲ್ಲ, ಸುತ್ತ ಕೊಳವೆ ಬಾವಿಗಳು ಹೆಚ್ಚಿದ್ದೇ ಕಾರಣ ಎಂದು ಜನ ಹೇಳುವುದುಂಟು. ಬಿರುಕಿನಲ್ಲಿ ಬರುವ ನೀರಿಗೆ ನಡುವಿನಲ್ಲೇ ಬೇರೆ ದಾರಿ ಸಿಕ್ಕಿದರೆ ಹಾಗಾಗುವುದು ಸಾಧ್ಯ. ನಮ್ಮಲ್ಲಿಯೂ ಅಷ್ಟೇ. ಗುಡ್ಡದ ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದ ಸುರಂಗದಿಂದ ತಾನಾಗಿ ಹರಿಯುವ ನೀರು ಕುಡಿದು ಬೆಳೆದವರು ನಾವು. ಕೊಳವೆ ಬಾವಿಯ ಲಾರಿ ಬಂದ ಮೇಲೆ ಸುರಂಗ ಒಣಗಿತು ಎನ್ನುವ ಮನೆಗಳು ನಿಮ್ಮ ವಾರ್ಡಿನಲ್ಲೂ ಇರಬಹುದು. ಅಂತರ್ಜಲದ ಬಗ್ಗೆ ಕೇರಳದಲ್ಲಿ 2002ರ ಕಾನೂನು ಇದೆ, ಕರ್ನಾಟಕದಲ್ಲಿ 2011ರದ್ದು. ಗಡಿಯ ಎರಡೂ ಬದಿಗೆ ಕಾನೂನು ಬೇರೆ. ನೆಲದಡಿಯ ನೀರಿಗೆ ಗಡಿ ಗೊತ್ತಿಲ್ಲ.

ಬರೆಯಿರಿ: ಒಂದು ವಸತಿಗೃಹದ ಪುಸ್ತಕ ನಿಮ್ಮ ಮುಂದಿದೆ ಎಂದುಕೊಳ್ಳಿ. ಹೆಸರು, ಮನೆಯ ಹೆಸರು, ಗ್ರಾಮ, ಅಂಚೆ, ಪಿನ್ ನಂಬರು, ಎಲ್ಲಿಂದ ಬಂದಿರಿ, ಬಂದ ಸಮಯ. ನೋಡದೆ ಬರೆದು, ಕೊನೆಗೆ ಸಹಿ ಹಾಕಿ.

ಕೇಳಿ ಬರೆಯಿರಿ: ನಿಮ್ಮ ಮನೆಯ ಸುತ್ತಲಿನ ಹತ್ತು ಮನೆಗಳಲ್ಲಿ ಬಾವಿ ಎಷ್ಟು, ಸುರಂಗ ಎಷ್ಟು, ಕೊಳವೆ ಬಾವಿ ಎಷ್ಟು? ಯಾವುದರಲ್ಲಿ ಏಪ್ರಿಲ್ ತಿಂಗಳಲ್ಲೂ ನೀರು ಇರುತ್ತದೆ? ಕೊಳವೆ ಬಾವಿ ಎಷ್ಟು ಅಡಿ ಆಳ ಎಂದು ಹೇಳಿದರೆ ಅದನ್ನೂ ಬರೆದುಕೊಳ್ಳಿ. ಮುಂದಿನ ತರಗತಿಗೆ ಆ ಹಾಳೆ ತನ್ನಿ.