ಬೆನ್ನಿನ ಮಣಿ ಎಷ್ಟು?

ಎರಡು ಕಬ್ಬು ತಗೊಂಡು ಗೆಣ್ಣು ಎಣಿಸಿ ನೋಡಿರಿ, ಲೆಕ್ಕ ಒಂದೇ ಬರುವುದಿಲ್ಲ. ಮನುಷ್ಯರ ಬೆನ್ನೆಲುಬು ಹಾಗಲ್ಲ, ಎಲ್ಲರಿಗೂ ಒಂದೇ ಲೆಕ್ಕ ಎಂದು ನಾನು ತಿಳಿದಿದ್ದೆ. ನಮ್ಮ ಕಾಕಾನ ಎಕ್ಸ್‌ರೇ ನೋಡಿದ ಮೇಲೆ ಅದು ತಪ್ಪು ಅಂತ ಗೊತ್ತಾಯಿತು.

ಬೆನ್ನೆಲುಬು ಒಂದೇ ಎಲುಬಲ್ಲ, ಮಣಿ ಪೋಣಿಸಿದಂತೆ ಇದೆ. ಈ ಮಣಿಗೆ ಪುಸ್ತಕದಲ್ಲಿ ಕಶೇರುಕ ಎನ್ನುತ್ತಾರೆ, ಮರಾಠಿಯಲ್ಲಿ ಮಣಕಾ. ಹುಟ್ಟುವಾಗ ಸಾಮಾನ್ಯವಾಗಿ 33 ಇರುತ್ತವೆ. ಕುತ್ತಿಗೆಯಲ್ಲಿ 7, ಪಕ್ಕೆಲುಬು ಹತ್ತಿದವು 12, ನಡದಲ್ಲಿ 5. ಅದರ ಕೆಳಗಿನ 5 ನಾವು ಬೆಳೆದಂತೆ ಕೂಡಿ ಒಂದೇ ಎಲುಬು ಆಗುತ್ತವೆ. ತುದಿಯ 4 ಸಣ್ಣವು ಬಾಲದ ಎಲುಬು. (ಜಿರಾಫೆಯ ಕುತ್ತಿಗೆಯಲ್ಲೂ 7 ಮಣಿಯೇ! ನನಗೆ ನಂಬಿಕೆ ಬರಲಿಲ್ಲ, ಗುರುಗಳು ಹೌದು ಅಂದರು.) ಮಣಿಗಳ ನಡುವೆ ಮೆತ್ತನೆಯ ಗಾದಿ ಇರುತ್ತದೆ. ಹಿಂದಿನ ತೂತಿನಲ್ಲಿ ಬೆನ್ನುಹುರಿ ಇಳಿಯುತ್ತದೆ, ಅದರಿಂದ ಕೈಕಾಲಿಗೆ ನರ ಹೋಗುತ್ತವೆ.

ನಮ್ಮ ಕಾಕಾ ಟ್ರೇಲರಿಗೆ ಕಬ್ಬು ಹೇರುವವ. ತಲೆ ಮೇಲೆ ಹೊರೆ ಹೊತ್ತು ಹಲಗೆ ಹತ್ತಬೇಕು. ಹೋದ ವರ್ಷ ನಡ ಹಿಡಿಯಿತು. ಆಮೇಲೆ ಎಡಗಾಲು ಜೋಮು ಹಿಡಿದು ಚಪ್ಪಲಿ ಜಾರಿದರೂ ಗೊತ್ತಾಗುತ್ತಿರಲಿಲ್ಲ. ಮಿರಜಕ್ಕೆ ಕರೆದುಕೊಂಡು ಹೋದೆವು. ನಮ್ಮ ಕಾಗವಾಡ ಕಡೆಯವರಿಗೆ ಮಿರಜ ಹತ್ತಿರ. ಅಲ್ಲಿ ಡಾ. ವಾನ್ಲೆಸ್ ಎಂಬವರು 1894ರಲ್ಲೇ ದವಾಖಾನೆ ಕಟ್ಟಿಸಿದ್ದರು.

ಡಾಕ್ಟರ್ ಸಾಹೇಬರು, "ಗಾದಿ ಸರದು ನರ ಒತ್ತೇತಿ, ಆಪರೇಶನ್ ಆಗಬೇಕು" ಅಂದರು. ಆದರೆ ತಾರೀಖು ಕೊಡಲಿಲ್ಲ. "ಇವರಿಗೆ ನಡದಾಗ 6 ಮಣಿ ಅದಾವ. ಕುತ್ತಿಗಿಯಿಂದ ಇಡೀ ಬೆನ್ನಿನ ಫೋಟೋ ತಗಸ್ರಿ" ಅಂದರು.

ಕಾಕು ಅಂಜಿದಳು. "ಹೆಚ್ಚಿನ ಎಲುಬು ಅಂದ್ರ ರೋಗ ಏನ್ರೀ ಸಾಹೇಬ್ರ?"

"ಇಲ್ಲವ್ವಾ, ಹುಟ್ಟಿನಿಂದ ಬಂದದ್ದು."

ಕೆಳಗೆ ಕೂಡಬೇಕಾದ 5ರಲ್ಲಿ ಮೇಲಿನದು ಕೆಲವರಿಗೆ ಕೂಡದೆ ಬೇರೆಯೇ ಉಳಿಯುತ್ತದೆ, ಆಗ ನಡದಲ್ಲಿ 6. ಕೆಲವರಿಗೆ ನಡದ 5ನೆಯದೇ ಕೆಳಗಿನ ಎಲುಬಿಗೆ ಅಂಟುತ್ತದೆ, ಆಗ 4. ಇಂಥವರು 100ಕ್ಕೆ 4ರಿಂದ 30ರ ತನಕ ಎಂದು ಬೇರೆ ಬೇರೆ ಲೆಕ್ಕಗಳಿವೆ. ಬಹಳ ಜನರಿಗೆ ಗೊತ್ತೇ ಆಗುವುದಿಲ್ಲ.

ಹಾಗಾದರೆ ಡಾಕ್ಟರಿಗೆ ಯಾಕೆ ಅಷ್ಟು ಚಿಂತೆ? ರಿಪೋರ್ಟಿನಲ್ಲಿ "ನಡದ 4 ಮತ್ತು 5ನೇ ಮಣಿಯ ನಡುವಿನ ಗಾದಿ" ಎಂದು ಬರೆದಿರುತ್ತಾರೆ. 5 ಮಣಿ ಇದ್ದವರಿಗೆ ಅದು ಕೆಳಗಿನಿಂದ 2ನೇ ಗಾದಿ. 6 ಇದ್ದವರಿಗೆ ಮೇಲಿನಿಂದ ಎಣಿಸಿದರೆ ಅದೇ ಗಾದಿ ಕೆಳಗಿನಿಂದ 3ನೆಯದು! ಒಬ್ಬರು ಮೇಲಿನಿಂದ, ಒಬ್ಬರು ಕೆಳಗಿನಿಂದ ಎಣಿಸಿದರೆ ಕೆಟ್ಟದ್ದನ್ನು ಬಿಟ್ಟು ಚಲೋ ಗಾದಿಗೆ ಕೈ ಹಾಕಿದಂತೆ ಆಗುತ್ತದೆ. ಬೆನ್ನಿನ ಚರ್ಮದ ಮೇಲೆ ನಂಬರ್ ಬರೆದಿರುವುದಿಲ್ಲವಲ್ಲ. ಕೆಲವರಿಗೆ ಪಕ್ಕೆಲುಬೂ ಒಂದು ಜೋಡಿ ಹೆಚ್ಚು ಕಡಿಮೆ ಇರುತ್ತವೆ, ಅವನ್ನೂ ಪೂರ್ತಿ ನಂಬುವ ಹಾಗಿಲ್ಲ. ಅದಕ್ಕೇ ಕುತ್ತಿಗೆಯಿಂದ ಎಣಿಸಿಕೊಂಡು ಬರುತ್ತಾರೆ. ಆಪರೇಶನ್ ಟೇಬಲ್ ಮೇಲೂ ಸೂಜಿ ಇಟ್ಟು, ಎಕ್ಸ್‌ರೇ ನೋಡಿ, ಇದೇ ಜಾಗ ಹೌದೋ ಅಲ್ಲೋ ಅಂತ ಖಾತ್ರಿ ಮಾಡುತ್ತಾರೆ.

ಕಾಕಾನ ಕಾಲಿನ ಜೋಮು ಈಗ ಇಳಿದಿದೆ. ಹೊರೆ ಹೊರಬಾರದು ಅಂದಿದ್ದಾರೆ. ಈ ಹಂಗಾಮಿನಲ್ಲಿ ಗ್ಯಾಂಗಿನವರ ಹಾಜರಿ ಬರೆಯುತ್ತಾನೆ, ಪಗಾರ ಕಡಿಮೆ.

ಎಕ್ಸ್‌ರೇ ನಮ್ಮ ಮನೆಯಲ್ಲೇ ಇದೆ. ಎಣಿಸಬೇಕು ಅನ್ನುವವರು ರವಿವಾರ ಬರ್ರಿ, ಕಿಡಕಿ ಬೆಳಕಿಗೆ ಹಿಡಿದು ತೋರಿಸ್ತೀನಿ.

– 7ನೇ ತರಗತಿ