ಮನೆಯ ಗಾಜಿನ ತೊಟ್ಟಿಯಲ್ಲಿ ಕೋರಿಡೋರಸ್ ಮೀನು

ಮನೆಯೊಳಗೆ ಗಾಜಿನ ತೊಟ್ಟಿಯನ್ನಿಟ್ಟು ಮೀನು ಸಾಕುವ ಅಭ್ಯಾಸವು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರಿಗೆ ಉಂಟು. ಆ ತೊಟ್ಟಿಗಳಲ್ಲಿ ಒಂದು ಮೀನಿಗೆ ಅನ್ಯಾಯವಾಗುತ್ತಿರುವುದನ್ನು ನಾವು ಕಂಡಿರುವುದರಿಂದ ಈ ಪಾಠವನ್ನು ಬರೆಯುತ್ತಿದ್ದೇವೆ. ತಳವನ್ನು ಮೂತಿಯಿಂದ ಕೆದಕುತ್ತ ತಿರುಗುವ ಕೋರಿಡೋರಸ್ ಎಂಬ ಚಿಕ್ಕ ಮೀಸೆಮೀನೇ ಅದು. “ಇದೊಂದನ್ನು ಬಿಡಿರಿ, ತೊಟ್ಟಿಯ ಕಸವನ್ನೆಲ್ಲಾ ತಿಂದು ಶುಚಿಮಾಡುವುದು” ಎಂದು ಮಾರುವವರು ಹೇಳುವರು, ಕೊಳ್ಳುವವರು ನಂಬುವರು. ಹೀಗೆ ಒಂಟಿಯಾಗಿ ಬಂದ ಮೀನು ಕೆಲವು ತಿಂಗಳಲ್ಲಿ ಹೊಟ್ಟೆ ಬತ್ತಿ ಸಾಯುವುದು. ಸರಿಯಾಗಿ ನೋಡಿಕೊಂಡರೆ ಐದು ವರ್ಷಕ್ಕೂ ಮಿಕ್ಕಿ ಬಾಳತಕ್ಕ ಜೀವಿಯದು.

ಇದರ ತವರು ದಕ್ಷಿಣ ಅಮೆರಿಕದ ಹೊಳೆತೊರೆಗಳು. ಫ್ರೆಂಚ್ ಪಂಡಿತನಾದ ಲಾಸೆಪೆಡ್ ಎಂಬವನು 1803ರಲ್ಲಿ ಇದಕ್ಕೆ ಈ ಹೆಸರನ್ನಿಟ್ಟನು. ಗ್ರೀಕ್ ಭಾಷೆಯಲ್ಲಿ ‘ಕೋರಿಸ್’ ಎಂದರೆ ಶಿರಸ್ತ್ರಾಣ. ಮೈಯ ಎರಡು ಪಕ್ಕಗಳಲ್ಲಿಯೂ ಹುರುಪೆಗಳಿಗೆ ಬದಲಾಗಿ ಎಲುಬಿನ ಫಲಕಗಳು, ಮಾಡಿಗೆ ಹೆಂಚು ಹೊದಿಸಿದಂತೆ, ಎರಡೆರಡು ಸಾಲಾಗಿ ಇರುವುವು. ಬೀಗಲ್ ನೌಕೆಯ ಯಾತ್ರೆಯಲ್ಲಿ ಡಾರ್ವಿನ್ನನು ಸಂಗ್ರಹಿಸಿದ ಮೀನುಗಳಲ್ಲಿ ಚುಕ್ಕೆಯ ಕೋರಿಡೋರಸ್ ಸಹ ಇದ್ದಿತು. ಜೆನಿನ್ಸ್ ಎಂಬವನು 1842ರಲ್ಲಿ ಅದನ್ನು ವರ್ಣಿಸಿದನು. 2024ರಲ್ಲಿ ವಿದ್ವಾಂಸರು ಈ ಕುಲವನ್ನು ಹಲವಾಗಿ ವಿಂಗಡಿಸಿದ್ದಾರೆ. ಅಂಗಡಿಗಳಲ್ಲಿ ಮಾತ್ರ ಹಳೆಯ ಹೆಸರೇ ನಡೆಯುತ್ತಿರುವುದರಿಂದ ನಾವೂ ಅದನ್ನೇ ಬಳಸಿದ್ದೇವೆ.

ಕೋರಿಡೋರಸ್ ಮೀನು ಮಲವನ್ನು ತಿನ್ನುವುದಿಲ್ಲ. ಪಾಚಿ ಅದರ ಆಹಾರವಲ್ಲ. ಹುಳುಹುಪ್ಪಟೆಗಳೇ ಅದಕ್ಕೆ ಪ್ರಿಯ. ಮೇಲೆ ಈಜುವ ಮೀನುಗಳಿಗೆಂದು ಚೆಲ್ಲಿದ ಕಾಳು ತಳಕ್ಕೆ ಮುಟ್ಟುವುದೇ ಅಪರೂಪ. ಆದುದರಿಂದ ಮುಳುಗುವ ಗುಳಿಗೆಗಳನ್ನು, ರಾತ್ರಿ ದೀಪವನ್ನು ಆರಿಸಿದ ಮೇಲೆ, ಇದರ ಪಾಲಿಗೆಂದೇ ಹಾಕತಕ್ಕದ್ದು.

ಬಾಯಿಯ ಸುತ್ತಲಿನ ಮೀಸೆಗಳಿಂದ ಇದು ಆಹಾರವನ್ನು ಹುಡುಕುವುದು. ಮರಳನ್ನು ಬಾಯೊಳಗೆ ತೆಗೆದುಕೊಂಡು ಕಿವಿರುಗಳ ಮೂಲಕ ಹೊರಗೆ ಬಿಡುವುದು. ಮೊನಚಾದ ಜಲ್ಲಿಯೂ ಕೊಳೆತ ತಳವೂ ಆ ಮೀಸೆಗಳನ್ನು ಹಾಳುಮಾಡುವುವು. ಜರಡಿಹಿಡಿದು ಚೆನ್ನಾಗಿ ತೊಳೆದ ನುಣ್ಣನೆಯ ಹೊಳೆಮರಳು ಒಂದೆರಡು ಅಂಗುಲ ಇದ್ದರೆ ಸಾಕು. ಕರಾವಳಿಯವರು ಸಮುದ್ರದ ಮರಳನ್ನು ತರಬಾರದು. ಅದರಲ್ಲಿನ ಚಿಪ್ಪಿನ ಚೂರುಗಳು ನೀರನ್ನು ಗಡಸುಮಾಡುವುವು.

ಒಂಟಿ ಮೀನು ಮೂಲೆ ಸೇರಿ ಅಡಗುವುದು. ಒಂದೇ ಜಾತಿಯವು ಆರಾದರೂ ಇರಬೇಕು. ಅವುಗಳಿಗೆ ಎರಡು ಅಡಿ ಉದ್ದದ, ಸುಮಾರು 60 ಲೀಟರಿನ ತೊಟ್ಟಿ ಬೇಕು. ಹೂವಿನ ಬಟ್ಟಲಿನಂಥ ಗಾಜಿನ ಗುಂಡು ಪಾತ್ರೆ ಎಷ್ಟು ಅಂದವಾಗಿದ್ದರೂ ಸೆರೆಮನೆಯೇ ಸರಿ.

ಈ ಮೀನು ಆಗಾಗ ಬಾಣದಂತೆ ಮೇಲಕ್ಕೆ ಹಾರಿ ಗಾಳಿಯನ್ನು ನುಂಗಿ ಕೆಳಗಿಳಿಯುವುದು. ನಮ್ಮ ಶಾಲೆಯ ತೊಟ್ಟಿಯ ಮುಂದೆ ಕುಳಿತ ಒಂಬತ್ತನೆಯ ತರಗತಿಯ ಬಾಲಿಕೆಯರು ಇದಕ್ಕೆ ಮೈಗೆ ಸರಿಯಿಲ್ಲವೆಂದು ಗಾಬರಿಗೊಂಡರು. ಗಾಬರಿಗೆ ಕಾರಣವಿಲ್ಲ. ನುಂಗಿದ ಗಾಳಿಯಲ್ಲಿನ ಆಮ್ಲಜನಕವನ್ನು ಕರುಳೇ ಹೀರಿಕೊಳ್ಳುವುದು. ನಮ್ಮ ಕೆರೆಗಳ ಮುರುಗೋಡು ಮೀನು ಸಹ ಗಾಳಿಯನ್ನು ಉಸಿರಾಡುವುದು, ಆದರೆ ಕಿವಿರುಗಳ ಮೇಲ್ಗಡೆಯ ಬೇರೆ ಅಂಗದಿಂದ. ಎಲ್ಲ ಮೀನುಗಳೂ ಎಡೆಬಿಡದೆ ಮೇಲಕ್ಕೆ ಓಡತೊಡಗಿದರೆ ಮಾತ್ರ ನೀರು ಕೆಟ್ಟಿದೆಯೆಂದು ಸಂಶಯಪಡಬೇಕು.

ಹೊಸ ತೊಟ್ಟಿಗೆ ಆ ದಿನವೇ ಮೀನು ಬಿಡಬಾರದು. ಮಲದಿಂದ ಹುಟ್ಟುವ ಅಮೋನಿಯ ವಿಷವನ್ನು ಮಾರ್ಪಡಿಸುವ ಸೂಕ್ಷ್ಮಜೀವಿಗಳು ಶೋಧಕದಲ್ಲಿ ನೆಲೆಗೊಳ್ಳುವುದಕ್ಕೆ ಒಂದು ತಿಂಗಳಾದರೂ ಹಿಡಿಯುವುದು. ಅನಂತರ ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸತಕ್ಕದ್ದು. ಹಾಕುವ ನೀರಿನಲ್ಲಿ ಕ್ಲೋರಿನ್ ಇರಬಾರದು. 22ರಿಂದ 26 ಡಿಗ್ರಿ ಸೆಲ್ಸಿಯಸ್ ಶಾಖ ಹಿತಕರ. ಚುಕ್ಕೆಯ ಜಾತಿ ತಂಪನ್ನು ಬಯಸುವುದರಿಂದ ಕರಾವಳಿಯ ಬೇಸಗೆ ಅದಕ್ಕೆ ಸಲ್ಲದು. ಅಲ್ಲಿಯವರು ಕಂಚುಬಣ್ಣದ ಜಾತಿಯನ್ನು ಆರಿಸಿಕೊಳ್ಳುವುದು ಮೇಲು. ಮೀನನ್ನು ಬಲೆಯಿಂದ ಹಿಡಿಯದೆ ಬಟ್ಟಲಿನಿಂದ ಮೊಗೆಯಿರಿ. ಹೆದರಿದಾಗ ರೆಕ್ಕೆಗಳ ಮುಳ್ಳುಗಳು ಸೆಟೆದು ಬಲೆಯಲ್ಲಿ ಸಿಕ್ಕಿಕೊಳ್ಳುವುವು.

ತುಸು ತಂಪಾದ ಹೊಸ ನೀರನ್ನು ಹಾಕಿದ ಮರುದಿನ, ಮಳೆಗಾಲ ಬಂದಿತೆಂದು ತಿಳಿದವೋ ಎಂಬಂತೆ, ಕೆಲವು ಸಲ ಇವು ತತ್ತಿಯಿಡುವುದುಂಟು. ಹೆಣ್ಣುಮೀನು ತತ್ತಿಗಳನ್ನು ಹೊಟ್ಟೆಯ ಕೆಳಗಿನ ರೆಕ್ಕೆಗಳ ನಡುವೆ ಹಿಡಿದೊಯ್ದು ಗಾಜಿಗೆ ಅಂಟಿಸುವುದು. ದೊಡ್ಡ ಮೀನುಗಳೇ ಅವನ್ನು ತಿಂದುಬಿಡುವುದರಿಂದ, ಬೆರಳಿನಿಂದ ಮೆಲ್ಲನೆ ಬಿಡಿಸಿ ಅದೇ ತೊಟ್ಟಿಯ ನೀರು ತುಂಬಿದ ಬೇರೆ ಪಾತ್ರೆಗೆ ಹಾಕಿ, ಗಾಳಿಯ ಕೊಳವೆಯನ್ನು ಇಡತಕ್ಕದ್ದು. ಮೂರರಿಂದ ಐದು ದಿನಗಳಲ್ಲಿ ಮರಿಗಳು ಹೊರಬರುವುವು.